ಕೈಕೆಲಸವೂ ದೇವರ ವರವೇ

(ಧ್ಯಾನಕ್ಕಾಗಿ: ವಿಮೋಚನಕಾಂಡ 35:30–35; ಅರಸುಗಳ ಎರಡನೆಯ ಪುಸ್ತಕ 12:11–15)



ದೇವರು ತನ್ನ ಆತ್ಮದಿಂದ ತುಂಬಿಸಿದನೆಂದು ಸತ್ಯವೇದವು ಹೆಸರು ಹಿಡಿದು ಹೇಳುವವರಲ್ಲಿ ಮೊದಲನೆಯವನು ಯಾರೆಂದು ನಮ್ಮ ಸಭೆಗಳಲ್ಲಿ ಕೇಳಿದರೆ, ಒಬ್ಬರು ಅಬ್ರಹಾಮನೆಂದಾರು, ಮತ್ತೊಬ್ಬರು ಮೋಶೆಯೆಂದಾರು. ಆದರೆ ಆ ಮಾತು ಮೊದಲು ಒಬ್ಬ ಕೈಕೆಲಸದವನ ವಿಷಯವಾಗಿ ಹೇಳಲ್ಪಟ್ಟಿತು. ಅವನು ಯೆಹೂದ ಕುಲದ ಊರಿಯ ಮಗನಾದ ಬೆಚಲೇಲನು. ಬಂಗಾರ ಬೆಳ್ಳಿ ತಾಮ್ರಗಳಿಂದ ಕೆಲಸ ಮಾಡುವದಕ್ಕೂ, ರತ್ನಗಳನ್ನೂ ಮರವನ್ನೂ ಕೆತ್ತುವದಕ್ಕೂ ಬೇಕಾದ ಜ್ಞಾನವನ್ನು ದೇವರೇ ಅವನಿಗೆ ಕೊಟ್ಟನು. ಉಳಿಯನ್ನೂ ಸುತ್ತಿಗೆಯನ್ನೂ ಹಿಡಿಯುವ ಕೈಗೆ ದೇವರಾತ್ಮನ ಸಹಾಯವೇತಕ್ಕೆಂದು ಯಾರಾದರೂ ಎಣಿಸುವದಾದರೆ, ಅಂಥವರು ಈ ಅಧ್ಯಾಯವನ್ನು ಮತ್ತೊಮ್ಮೆ ನಿಧಾನವಾಗಿ ಓದಲಿ.

ಈ ವರವು ಒಬ್ಬನ ಸ್ವತ್ತಾಗಿ ಕೊಡಲ್ಪಡಲಿಲ್ಲವೆಂಬದನ್ನು ಮೊದಲು ಗಮನಿಸೋಣ. ಬೆಚಲೇಲನ ಸಂಗಡ ದಾನ್ ಕುಲದ ಒಹೊಲೀಯಾಬನು ನೇಮಿಸಲ್ಪಟ್ಟನು. ಇಸ್ರಾಯೇಲ್ಯರು ಅರಣ್ಯದಲ್ಲಿ ಪ್ರಯಾಣಮಾಡುವಾಗ ಯೆಹೂದ ಕುಲದವರು ಎಲ್ಲರಿಗೂ ಮುಂದೆ ನಡೆದರು; ದಾನ್ ಕುಲದವರು ಹಿಂದಣ ದಂಡಿನಲ್ಲಿ ಬಂದರು. ಮುಂದಿನವನನ್ನೂ ಹಿಂದಿನವನನ್ನೂ ದೇವರು ಒಂದೇ ಕೆಲಸದ ಮನೆಯಲ್ಲಿ ನಿಲ್ಲಿಸಿದನು. ಸ್ತ್ರೀಯರು ಆಡಿನ ಕೂದಲನ್ನು ನೂತು ತಂದರು. ಸೇವೆಮಾಡುತ್ತಿದ್ದ ಸ್ತ್ರೀಯರ ತಾಮ್ರದ ದರ್ಪಣಗಳಿಂದಲೇ ಯಾಜಕರು ತೊಳೆದುಕೊಳ್ಳುವ ಪಾತ್ರೆಯು ಮಾಡಲ್ಪಟ್ಟಿತು. ತಾವು ಬಲ್ಲದ್ದನ್ನು ಬೇರೆಯವರಿಗೆ ಕಲಿಸುವ ಮನಸ್ಸನ್ನೂ ದೇವರು ಆ ಇಬ್ಬರಿಗೆ ಕೊಟ್ಟನು. ವಿದ್ಯೆಯನ್ನು ಮುಚ್ಚಿಟ್ಟುಕೊಳ್ಳುವವನು ವರದ ಅರ್ಧವನ್ನು ಹೂತಿಟ್ಟವನಾಗಿದ್ದಾನೆ.

ದೇವದರ್ಶನದ ಗುಡಾರದ ಮೇಲ್ಹೊದಿಕೆ ಏನಾಗಿತ್ತು? ಕೆಂಪು ಬಣ್ಣದಲ್ಲಿ ಅದ್ದಿದ ಟಗರುಗಳ ಚರ್ಮವೂ ಅದರ ಮೇಲೆ ಮತ್ತೊಂದು ಚರ್ಮವೂ ಆಗಿತ್ತು. ಬಂಗಾರದ ಮಂಜೂಷವು ಒಳಗಿತ್ತು. ಅದನ್ನು ಮಳೆಗಾಳಿಯಿಂದ ಕಾಯ್ದದ್ದು ಚರ್ಮ ಹದಮಾಡಿದವರ ಕೈಕೆಲಸ. ನಮ್ಮ ನಾಡಿನಲ್ಲಾದರೋ ಕಸಬು ಹುಟ್ಟಿನೊಂದಿಗೆ ಕಟ್ಟಲ್ಪಟ್ಟು, ಚರ್ಮದ ಕೆಲಸವು ಹೀನವೆಂದು ತಲೆತಲಾಂತರದಿಂದ ಎಣಿಸಲ್ಪಟ್ಟಿತು. ಹಬ್ಬಕ್ಕೂ ಮದುವೆಗೂ ತಮಟೆಯ ಶಬ್ದ ಬೇಕು. ತಮಟೆ ಮಾಡಿದವನೂ ಬಾರಿಸಿದವನೂ ಅಂಗಳದ ಹೊರಗೆ ನಿಲ್ಲಬೇಕು. ಸಹೋದರರೇ, ದೇವರು ತನ್ನ ಗುಡಾರದ ಮೇಲೆ ಹಾಸಿಕೊಂಡದ್ದನ್ನು ನಾವು ಮುಟ್ಟಬಾರದ್ದೆಂದು ಹೇಳುವದು ಹೇಗೆ? ಈ ಹಳೆಯ ಹುಳಿಯು ನಮ್ಮ ಸಭೆಯ ಪಂಕ್ತಿಗಳಲ್ಲಿ ಇನ್ನೂ ಉಳಿದಿದೆಯೋ ಎಂದು ಪ್ರತಿಯೊಬ್ಬರೂ ತಮ್ಮನ್ನು ಪರೀಕ್ಷಿಸಿಕೊಳ್ಳಲಿ.

ಎರಡನೆಯದಾಗಿ, ಈ ವರವು ಕೆಡಬಲ್ಲದೆಂಬದನ್ನು ಮರೆಯಬಾರದು. ಸೀನಾಯಿ ಬೆಟ್ಟದ ಬುಡದಲ್ಲಿ ಜನರು ಕಿವಿಯ ಮುರುವುಗಳನ್ನು ಬಿಚ್ಚಿ ಕೊಟ್ಟರು, ಆರೋನನು ಅದರಿಂದ ಹೋರಿಕರುವನ್ನು ಮಾಡಿದನು. ಕೆಲವು ಅಧ್ಯಾಯಗಳ ಮುಂದೆ ಅದೇ ಜನರು ಮುರುವುಗಳನ್ನೂ ಉಂಗುರಗಳನ್ನೂ ಗುಡಾರಕ್ಕಾಗಿ ತಂದರು. ಸಾಕು, ಇನ್ನು ತರಬೇಡಿರೆಂದು ಮೋಶೆಯು ಡಂಗುರ ಹೊಯಿಸಬೇಕಾಯಿತು. ಬಂಗಾರವು ಒಂದೇ ತರದ್ದು, ಬೆಂಕಿಯೂ ಒಂದೇ, ಉದ್ದೇಶವು ಬೇರೆ. ಇನ್ನೊಂದನ್ನು ನೋಡಿರಿ. ಮೋಶೆಯು ದೇವರ ಅಪ್ಪಣೆಯಿಂದಲೇ ತಾಮ್ರದ ಸರ್ಪವನ್ನು ಮಾಡಿಸಿದ್ದನು. ಕಾಲಾಂತರದಲ್ಲಿ ಜನರು ಅದಕ್ಕೆ ಧೂಪ ಹಾಕತೊಡಗಿದ್ದರಿಂದ ಹಿಜ್ಕೀಯ ಅರಸನು ಅದನ್ನು ಚೂರುಚೂರು ಮಾಡಿದನು. ಅಲ್ಲಿ ಮಾಡಿದವನ ತಪ್ಪಿರಲಿಲ್ಲ, ನೋಡುವವರ ತಪ್ಪಿತ್ತು. ಆದಕಾರಣ ಕಲೆಯ ವಿಷಯದಲ್ಲಿ ಮಾಡುವವನಿಗೂ ನೋಡುವವನಿಗೂ ಹೊಣೆಯುಂಟು.

ಹಾಗಾದರೆ ಚಿತ್ರವನ್ನೂ ಶಿಲ್ಪವನ್ನೂ ಸಭೆಯಿಂದ ತೊಲಗಿಸಬೇಕೋ? ಈ ಪ್ರಶ್ನೆಯು ಸಭೆಯ ಸುಧಾರಣೆಯ ಕಾಲದಲ್ಲಿಯೂ ಎದ್ದಿತು. ಜರ್ಮನಿ ದೇಶದ ವಿಟ್ಟೆನ್‌ಬೆರ್ಗ್ ಪಟ್ಟಣದಲ್ಲಿ 1522ನೇ ಇಸವಿಯ ಆರಂಭದಲ್ಲಿ ಕೆಲವರು ದೇವಾಲಯದ ಚಿತ್ರಗಳನ್ನು ಕಿತ್ತು ಒಡೆದರು. ಆಗ ಕೋಟೆಯೊಂದರಲ್ಲಿ ಮರೆಯಾಗಿದ್ದ ಮಾರ್ಟಿನ್ ಲೂಥರನು ಮಾರ್ಚ್ ತಿಂಗಳಲ್ಲಿ ಹಿಂದಿರುಗಿ ಎಂಟು ದಿನ ಪ್ರಸಂಗ ಮಾಡಿದನು. ವಿಗ್ರಹವನ್ನು ಮೊದಲು ಹೃದಯದಿಂದ ತೆಗೆಯಬೇಕು. ಬಲಾತ್ಕಾರದಿಂದ ಗೋಡೆಯನ್ನು ಬರಿದುಮಾಡಿದ ಮಾತ್ರಕ್ಕೆ ಹೃದಯವು ಶುದ್ಧವಾಗದು. ಸೂರ್ಯಚಂದ್ರರನ್ನು ಪೂಜಿಸುವವರಿದ್ದಾರೆಂದು ನಾವು ಅವುಗಳನ್ನು ಆಕಾಶದಿಂದ ಕೀಳಲಾರೆವು. ಅವನ ಉಪದೇಶದ ತಾತ್ಪರ್ಯವು ಇದೇ.

ಅವನ ಮಿತ್ರನಾದ ಲೂಕಾಸ್ ಕ್ರಾನಾಖ್ ಎಂಬ ಚಿತ್ರಗಾರನು ಅದೇ ಪಟ್ಟಣದವನು. ಅವನ ಚಿತ್ರಶಾಲೆಯಲ್ಲಿ ಮಾಡಿದ ಚಿತ್ರಗಳು 1522ರಲ್ಲಿಯೇ ಲೂಥರನ ಹೊಸ ಒಡಂಬಡಿಕೆಯಲ್ಲಿ ಅಚ್ಚಾದವು. ಲೂಥರನು 1546ರಲ್ಲಿ ತೀರಿಕೊಂಡನು. ಮರುವರುಷ, 1547ರಲ್ಲಿ, ಕ್ರಾನಾಖನ ಚಿತ್ರಶಾಲೆಯವರು ಬರೆದ ದೊಡ್ಡ ಚಿತ್ರಫಲಕವು ಆ ಊರಿನ ದೇವಾಲಯದಲ್ಲಿ ನಿಲ್ಲಿಸಲ್ಪಟ್ಟಿತು. ಅದು ಇಂದಿಗೂ ಅಲ್ಲಿದೆ. ಅದರ ಕೆಳಭಾಗದಲ್ಲಿ ಒಂದು ಕಡೆ ಪ್ರಸಂಗಪೀಠದ ಮೇಲೆ ಲೂಥರನು ನಿಂತಿದ್ದಾನೆ. ಮತ್ತೊಂದು ಕಡೆ ಹೆಂಗಸರೂ ಗಂಡಸರೂ ಮಕ್ಕಳೂ ಕೂಡಿದ ಸಭೆ. ನಡುವೆ ಶಿಲುಬೆಯ ಮೇಲೆ ಕರ್ತನು. ಪ್ರಸಂಗಿಯ ಒಂದು ಕೈ ತೆರೆದ ಸತ್ಯವೇದದ ಮೇಲಿದೆ, ಇನ್ನೊಂದು ಕೈ ಕರ್ತನ ಕಡೆಗೆ ಚಾಚಿದೆ. ಚಿತ್ರಗಾರನ ಕೆಲಸಕ್ಕೆ ಇದಕ್ಕಿಂತ ತಕ್ಕ ಅಳತೆಗೋಲು ನಮಗೆ ಕಾಣದು. ಹಾಡಾಗಲಿ, ಚಿತ್ರವಾಗಲಿ, ನಾಟಕವಾಗಲಿ ತೋರಿಸುವ ಬೆರಳಾಗಿರಲಿ. ಸತ್ಯವನ್ನೂ ನೆರೆಯವನ ಕಣ್ಣೀರನ್ನೂ ಸೃಷ್ಟಿಕರ್ತನ ಅಂದವನ್ನೂ ಅದು ತೋರಿಸಿದರೆ ಸೇವೆ. ತನ್ನನ್ನೇ ಪೂಜಿಸಿರೆಂದು ಕೇಳಿದರೆ ಅದು ಹೋರಿಕರು.

ಮೂರನೆಯದು, ನಮ್ಮ ಸಾಲದ ವಿಷಯ. ಬೀದರಿನ ಕಸಬನ್ನು ಬಲ್ಲಿರಷ್ಟೆ. ಸತುವಿನೊಂದಿಗೆ ಸ್ವಲ್ಪ ತಾಮ್ರವನ್ನು ಕೂಡಿಸಿ ಪಾತ್ರೆಯನ್ನು ಎರಕ ಹೊಯ್ಯುತ್ತಾರೆ. ಅದರ ಮೇಲೆ ಉಳಿಯಿಂದ ಬಳ್ಳಿ ಹೂಗಳನ್ನು ಕೊರೆದು, ಆ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನು ಕೂಡಿಸುತ್ತಾರೆ. ಕಡೆಗೆ ಹಳೆಯ ಕೋಟೆಯ ಮಣ್ಣನ್ನೂ ನವಸಾಗರವನ್ನೂ ಕಲಸಿ ತಿಕ್ಕಿದರೆ ಲೋಹವು ಕಪ್ಪಾಗುತ್ತದೆ, ಬೆಳ್ಳಿಯು ಮಾತ್ರ ಬೆಳಗುತ್ತದೆ. ಈ ಕೆಲಸದಲ್ಲಿ ಬಾಳು ಸವೆಸಿದ ಶಾ ರಶೀದ್ ಅಹ್ಮದ್ ಖಾದ್ರಿ ಎಂಬವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿಯು ದೊರಕಿತು. ಅದು ಸಂತೋಷದ ಸಂಗತಿ. ಆದರೆ ಒಬ್ಬರಿಗೆ ಶಾಲು ಹೊದಿಸುವ ಲೋಕವು, ಅದೇ ಕಸಬಿನ ಹತ್ತು ಮಂದಿಯ ಸಂಗಡ ಅಂಗಡಿಯ ಮುಂದೆ ಕಾಸಿಗೆ ಕಾಸು ಚೌಕಾಸಿ ಮಾಡುವದು. ಕಣ್ಣಿನ ದೃಷ್ಟಿಯನ್ನೂ ಬೆನ್ನಿನ ಬಲವನ್ನೂ ಆ ಪಾತ್ರೆಯಲ್ಲಿ ಸುರಿದವನ ಮನೆಯಲ್ಲಿ ಒಲೆ ಉರಿಯುತ್ತದೋ ಎಂದು ಕೇಳುವವರು ಕಡಿಮೆ.

ಲೋಕದ ಮಾತು ಹಾಗಿರಲಿ, ಸಭೆಯ ಮಾತೇನು? ದೇವಾಲಯಕ್ಕೆ ಬಾಗಿಲು ಮಾಡಿಕೊಟ್ಟ ಬಡಗಿಗೆ, ಗೋಡೆಗೆ ಬಣ್ಣ ಹಚ್ಚಿದವನಿಗೆ, ಹಬ್ಬದ ರಾತ್ರಿಯೆಲ್ಲಾ ತಬಲಾ ಬಾರಿಸಿದ ಹುಡುಗನಿಗೆ, ಇದು ದೇವರ ಕೆಲಸವಲ್ಲವೇ ಎಂದು ಹೇಳಿ ಬರಿಗೈಯಲ್ಲಿ ಕಳುಹಿಸುವದು ಹಲವು ಕಡೆ ವಾಡಿಕೆಯಾಗಿದೆ. ತಾನಾಗಿ ಕಾಣಿಕೆಯಾಗಿ ಕೊಡುವವನ ಮಾತು ಬೇರೆ. ಅವನ ಬಾಯಿಂದ ಕಾಣಿಕೆಯನ್ನು ಹಿಂಡುವದು ಬೇರೆ. ಯೋವಾಷನ ಕಾಲದಲ್ಲಿ ದೇವಾಲಯವನ್ನು ಜೀರ್ಣೋದ್ಧಾರ ಮಾಡುವಾಗ, ಕೂಡಿದ ಹಣವು ಮೊದಲು ಬಡಗಿಗಳಿಗೂ ಕಲ್ಲುಕುಟಿಗರಿಗೂ ಸಂದಿತು. ಬೆಳ್ಳಿಯ ಬಟ್ಟಲುಗಳನ್ನು ಆ ಹಣದಿಂದ ಮಾಡಿಸಲಿಲ್ಲ. ಕೆಲಸ ಮುಗಿದ ಮೇಲೆ ಉಳಿದ ಹಣದಿಂದಲೇ ಪಾತ್ರೆಗಳಾದವೆಂದು ಪೂರ್ವಕಾಲವೃತ್ತಾಂತದ ಎರಡನೆಯ ಪುಸ್ತಕವು ತಿಳಿಸುತ್ತದೆ. ಮೊದಲು ಕೂಲಿ, ಆಮೇಲೆ ಬೆಳ್ಳಿ. ಇದಕ್ಕೆ ವಿರೋಧವಾಗಿ ಯೆಹೋಯಾಕೀಮನು ದೊಡ್ಡ ಕಿಟಕಿಗಳ ಅರಮನೆಯನ್ನು ಕಟ್ಟಿಸಿ, ದೇವದಾರಿನ ಹಲಗೆ ಹೊದಿಸಿ, ಕೆಂಪು ಬಣ್ಣ ಬಳಿಸಿದನು. ಕೆಲಸದವರಿಗೆ ಕೂಲಿ ಕೊಡಲಿಲ್ಲ. ಆ ಅಂದದ ಮನೆಯ ಮೇಲೆ ಯೆರೆಮೀಯನು ಶಾಪವನ್ನು ಸಾರಿದನು. ಕೂಲಿ ತಡೆದ ಗೋಡೆಯ ಬಣ್ಣವು ಮನುಷ್ಯರ ಕಣ್ಣಿಗೆ ಚೆಂದವಾಗಿರಬಹುದು. ದೇವರ ಕಿವಿಯಲ್ಲಿ ಅದು ಕೂಗುತ್ತದೆ.

ಆದದರಿಂದ ಪ್ರಿಯರೇ, ನಿಮ್ಮ ಮಗನು ಇದ್ದಲಿನಿಂದ ಗೋಡೆಯ ಮೇಲೆ ಎತ್ತು ಬಂಡಿ ಬರೆದರೆ, ಮಗಳು ಕಸೂತಿಗೆ ಕುಳಿತರೆ, ಹೊಟ್ಟೆಗೆ ಹಿಟ್ಟು ತಾರದ ವಿದ್ಯೆಯೆಂದು ಒಡನೆ ಗದರಿಸಬೇಡಿರಿ. ಆ ಕೈಯನ್ನು ಯಾರು ತುಂಬಿಸಿದ್ದಾನೋ ವಿಚಾರಿಸಿರಿ. ಸಭೆಯ ಹಿರಿಯರೇ, ಈ ತಿಂಗಳ ಲೆಕ್ಕದಲ್ಲಿ ಯಾವ ಕೆಲಸದವನ ಹಣ ನಿಂತಿದೆಯೋ ನೋಡಿ, ಭಾನುವಾರದ ಮುಂಚೆ ಅದನ್ನು ಅವನ ಮನೆಗೆ ಮುಟ್ಟಿಸಿರಿ. ಹಾಡುವವರೇ, ಬರೆಯುವವರೇ, ಕೆತ್ತುವವರೇ, ನಿಮಗೆ ಬಂದ ವರವನ್ನು ಸುಳ್ಳಿಗೂ ಹೊಗಳಿಕೆಗೂ ಮಾರಿಕೊಳ್ಳದೆ, ಕಿರಿಯನೊಬ್ಬನಿಗೆ ಕಲಿಸಿ ಬಿಟ್ಟುಹೋಗಿರಿ.

ಬಡಗಿಯ ಮನೆಯಲ್ಲಿ ಬೆಳೆದು, ತಾನೂ ಬಡಗಿಯೆನಿಸಿಕೊಂಡ ಕರ್ತನು, ದುಡಿಯುವ ಕೈಗಳನ್ನು ಆಶೀರ್ವದಿಸಿ, ಆ ಕೈಗಳಿಗೆ ಸಲ್ಲತಕ್ಕದ್ದನ್ನು ಸಲ್ಲಿಸುವ ಮನಸ್ಸನ್ನು ನಮ್ಮೆಲ್ಲರಿಗೂ ದಯಪಾಲಿಸಲಿ. ಆಮೆನ್.