ಅಕ್ಕರೆಯ ವೇಷ

ಪಕ್ಕದ ಮನೆಯವರು ತಟ್ಟೆಯ ಮೇಲೆ ತಟ್ಟೆ ಮುಚ್ಚಿಕೊಂಡು ಬಾಗಿಲಿಗೆ ಬಂದರೆ ಯಾಕೆ ತಂದಿರಿ ಎಂದು ನಾವು ವಿಚಾರಣೆ ಮಾಡುವುದಿಲ್ಲ, ಒಳಗೆ ಬನ್ನಿ ಎನ್ನುತ್ತೇವೆ. ನೆರೆಹೊರೆಯ ಬದುಕು ನಡೆಯುವುದೇ ಈ ನಂಬಿಕೆಯ ಮೇಲೆ. ಸಾವಾದ ಮನೆಯಲ್ಲಂತೂ ಹಾಗೆ ಬಂದವರ ಮುಂದೆ ಮನಸ್ಸು ತಾನಾಗಿ ಬಿಚ್ಚಿಕೊಳ್ಳುತ್ತದೆ. 2022ರ ಫೆಬ್ರುವರಿಯಲ್ಲಿ ಆಪಲ್ ಟಿವಿ ಪ್ಲಸ್‌ನಲ್ಲಿ ಶುರುವಾದ ‘ಸೆವೆರೆನ್ಸ್’ ಎಂಬ ಅಮೆರಿಕದ ವೈಜ್ಞಾನಿಕ ಕಲ್ಪನೆಯ ಧಾರಾವಾಹಿ ಕೈ ಹಾಕುವುದು ಈ ನಂಬಿಕೆಗೇ. ಡ್ಯಾನ್ ಎರಿಕ್ಸನ್ ಕಲ್ಪಿಸಿದ ಈ ಕಥೆಯಲ್ಲಿ ಲೂಮನ್ ಎಂಬ ಕಂಪನಿ ನೌಕರರ ಮಿದುಳಿನಲ್ಲಿ ಒಂದು ಚಿಪ್ ಇಡುತ್ತದೆ. ಆಮೇಲೆ ಆಫೀಸಿನ ನೆನಪು ಮನೆಗೆ ಬರುವುದಿಲ್ಲ, ಮನೆಯ ನೆನಪು ಆಫೀಸಿಗೆ ಹೋಗುವುದಿಲ್ಲ. ಹೆಂಡತಿ ಜೆಮ್ಮಾ ಕಾರು ಅಪಘಾತದಲ್ಲಿ ತೀರಿಕೊಂಡಳೆಂದು ಕುಗ್ಗಿಹೋದ ಮಾರ್ಕ್, ದಿನಕ್ಕೆ ಎಂಟು ಗಂಟೆಯಾದರೂ ಆ ದುಃಖ ಮರೆಯಲಿ ಎಂದು ಚಿಪ್ ಹಾಕಿಸಿಕೊಂಡಿದ್ದಾನೆ.

ಅವನ ಪಕ್ಕದ ಮನೆಯಲ್ಲಿ ಮಿಸೆಸ್ ಸೆಲ್ವಿಗ್ ಎಂಬ ಒಂಟಿ ಹೆಂಗಸು ಇದ್ದಾಳೆ. ಬಿಸ್ಕತ್ತು ಮಾಡಿ ತಂದುಕೊಡುತ್ತಾಳೆ, ಅವನ ಸಂಕಟ ಕೇಳುತ್ತಾಳೆ, ಹೆತ್ತು ಬಂದ ಅವನ ಸಹೋದರಿಗೆ ಮಗುವಿಗೆ ಹಾಲೂಡಿಸುವುದನ್ನು ಕಲಿಸಲು ಹೋಗುತ್ತಾಳೆ. ಇನ್ನೂ ನೋಡದವರು ಕ್ಷಮಿಸಬೇಕು, ಗುಟ್ಟು ಬಿಟ್ಟುಕೊಡದೆ ಈ ವಿಷಯ ಹೇಳಲಾಗದು: ಆಕೆ ನಿಜವಾಗಿ ಲೂಮನ್ನಿನಲ್ಲಿ ಅವನ ಮೇಲಧಿಕಾರಿ, ಹಾರ್ಮನಿ ಕೋಬೆಲ್. ಹಗಲು ಯಾರ ಮುಖ ಕಂಡು ಅವನು ಹೆದರುತ್ತಾನೋ ಸಂಜೆ ಅದೇ ಮುಖದಲ್ಲಿ ನೆಮ್ಮದಿ ಕಾಣುತ್ತಾನೆ, ಗುರುತು ಮಾತ್ರ ಹತ್ತುವುದಿಲ್ಲ. ಒಮ್ಮೆ ಆಕೆ ಅವನ ಮನೆಯ ನೆಲಮಾಳಿಗೆಯಿಂದ ಜೆಮ್ಮಾಳ ಮೇಣದಬತ್ತಿಯೊಂದನ್ನು ಕದ್ದೊಯ್ಯುತ್ತಾಳೆ. ಆಫೀಸಿನ ಆಪ್ತಸಮಾಲೋಚನೆಯ ಕೋಣೆಯಲ್ಲಿ ಅದು ಉರಿಯುತ್ತಿರುವಾಗ, ಏನೂ ನೆನಪಿಲ್ಲದ ಮಾರ್ಕ್ ಜೇಡಿಮಣ್ಣಿನಲ್ಲಿ ಒಂದು ಮರ ಮಾಡುತ್ತಾನೆ. ಅಪಘಾತ ನಡೆದ ಜಾಗದ ಮರ. ಎದುರಿಗೆ ಕುಳಿತ ಸಮಾಲೋಚಕಿಯೇ ಜೆಮ್ಮಾ. ಅವಳು ಸತ್ತಿಲ್ಲ, ಅವಳಿಗೂ ಏನೂ ನೆನಪಿಲ್ಲ. ಚಿಪ್ ಗಟ್ಟಿಯಿದೆಯೇ ಎಂಬ ಪರೀಕ್ಷೆಗಾಗಿ ಕೋಬೆಲ್ ಒಬ್ಬ ಗಂಡಸಿನ ಶೋಕವನ್ನೇ ಬಳಸಿಕೊಂಡಳು. ನಿನ್ನ ಹೆಂಡತಿ ಬದುಕಿದ್ದಾಳೆ ಎಂಬ ಒಂದು ಮಾತು ಅವಳ ನಾಲಿಗೆಯ ಮೇಲಿತ್ತು. ಅದನ್ನು ನುಂಗಿಕೊಂಡು ಸಾಂತ್ವನ ಹೇಳಿದಳು. ಈ ಕಥೆಯಲ್ಲಿ ಇದಕ್ಕಿಂತ ಕ್ರೂರವಾದದ್ದು ನನಗೆ ಕಾಣಲಿಲ್ಲ.

ಬಿಸ್ಕತ್ತಿನಲ್ಲಿ ವಿಷವಿರಲಿಲ್ಲ. ಬಾಣಂತಿಗೆ ಬೇಕಾಗಿದ್ದುದು ಸಹಾಯ, ಕೋಬೆಲ್ ಕೊಟ್ಟದ್ದೂ ಸಹಾಯವೇ. ಹೊರಗಿನಿಂದ ನೋಡಿದವರು ಎಂಥ ಒಳ್ಳೆಯ ನೆರೆಯವಳು ಎನ್ನುತ್ತಿದ್ದರು. ಸಟೆಯಿದ್ದದ್ದು ಕೆಲಸದಲ್ಲಲ್ಲ, ಸಂಕಲ್ಪದಲ್ಲಿ. 2025ರ ಎರಡನೇ ಭಾಗದಲ್ಲಿ ಆಕೆಯ ಪೂರ್ವವೂ ಗೊತ್ತಾಗುತ್ತದೆ. ಬಾಲ್ಯದಲ್ಲೇ ಕಂಪನಿಯ ಈಥರ್ ಕಾರ್ಖಾನೆಯಲ್ಲಿ ದುಡಿದವಳು. ಆ ಚಿಪ್‌ನ ಕಲ್ಪನೆ ಅವಳದೇ, ಹೆಸರು ಮಾತ್ರ ಯಜಮಾನನ ಪಾಲಾಯಿತು. ಕಂಪನಿ ಅವಳನ್ನು ಹೇಗೆ ಬಳಸಿಕೊಂಡಿತೋ ಹಾಗೆಯೇ ಅವಳು ಮಾರ್ಕನನ್ನು ಬಳಸಿಕೊಂಡಳು. ಮರುಕ ಹುಟ್ಟುತ್ತದೆ, ಆದರೆ ಮಾಡಿದ್ದು ಸರಿಹೋಗುವುದಿಲ್ಲ.

ಚಿಪ್, ಕಂಪನಿ ಯಾವುದೂ ಇಲ್ಲದ ನಮ್ಮ ಮನೆಗಳಲ್ಲಿ ಅಕ್ಕರೆಯ ಹೆಸರಿನಲ್ಲಿ ಹೀಗೆ ಬಳಸಿಕೊಳ್ಳುವುದು ಬಹಳ ಸಣ್ಣದಾಗಿ ನಡೆಯುತ್ತದೆ, ಅದೂ ನಿಜವಾದ ಪ್ರೀತಿಯಿರುವ ಕಡೆಯೇ. ಮಗಳು ಬೇರೆ ಊರಿನ ಕೆಲಸದ ಮಾತೆತ್ತಿದ ದಿನವೇ ಅಮ್ಮನಿಗೆ ಬಿಪಿ ಏರುತ್ತದೆ. “ನಾನು ಹೋದ ಮೇಲೆ ಗೊತ್ತಾಗುತ್ತೆ ಬಿಡು” ಎಂದು ಅಪ್ಪ ಊಟ ಬಿಟ್ಟು ಮಲಗುತ್ತಾರೆ. ಬೆಳೆದ ಮಕ್ಕಳೂ ಕಡಿಮೆಯೇನಲ್ಲ, ಮೊಮ್ಮಗುವನ್ನು ತೋರಿಸಿ ಮುದುಕರಿಂದ ರುಜು ಹಾಕಿಸಿಕೊಳ್ಳುತ್ತಾರೆ. ಎದುರಿನವರು ಒಪ್ಪಿದರು ಎಂದುಕೊಳ್ಳುತ್ತೇವೆ, ಅವರು ಹೆದರಿ ಸುಮ್ಮನಾಗಿರುತ್ತಾರೆ. ಈ ವಾರ ಮನೆಯಲ್ಲಿ ಯಾರಿಂದಲಾದರೂ ಏನಾದರೂ ಆಗಬೇಕಿದ್ದರೆ, ಬಿಪಿಯನ್ನೂ ಉಪವಾಸವನ್ನೂ ನಡುವೆ ತರದೆ ಬಾಯಿಬಿಟ್ಟು ಕೇಳಿ. ಆಗುವುದಿಲ್ಲ ಎಂದರೆ, ಆ ರಾತ್ರಿಯೂ ಅವರನ್ನು ಎಂದಿನಂತೆ ಊಟಕ್ಕೆ ಕರೆಯಿರಿ.