ಮುಗಿಯಿತು ಎಂದರೆ ಏನು ಮುಗಿಯಿತು?

‘ಮುಗಿಯಿತಾ?’ ಎಂಬ ಮಾತನ್ನು ನಾವು ಹೆಂಗಸರು ದಿನಕ್ಕೆ ಎಷ್ಟು ಸಲ ಕೇಳಿಸಿಕೊಳ್ಳುತ್ತೇವೋ ಲೆಕ್ಕವಿಲ್ಲ. ಬೆಳಿಗ್ಗೆ ಅಡಿಗೆ ಮುಗಿಯಿತಾ, ಶಾಲೆಗೆ ಹೋದರೆ ಪೋರ್ಷನ್ ಮುಗಿಯಿತಾ, ಸಂಜೆ ಬಂದರೆ ಪಾತ್ರೆ ಮುಗಿಯಿತಾ. ಮುಗಿಯಿತು ಎಂದುಬಿಟ್ಟರೆ ಕೇಳಿದವರಿಗೂ ಸಮಾಧಾನ, ಹೇಳಿದವರಿಗೂ ಸಮಾಧಾನ. ಏನು ಮುಗಿಯಿತು, ಏನು ಉಳಿಯಿತು ಎಂದು ಯಾರೂ ಬಿಡಿಸಿ ಕೇಳುವುದಿಲ್ಲ. ಈ ಪ್ರಶ್ನೆಯನ್ನು ನನ್ನ ತಲೆಗೆ ಹಚ್ಚಿದ್ದು ನನ್ನ ಮಗ ಆಡುವ ಒಂದು ಕಂಪ್ಯೂಟರ್ ಆಟ ಎಂದರೆ ದಯವಿಟ್ಟು ನಗಬೇಡಿ.

ಆಟದ ಹೆಸರು ಡಯಾಬ್ಲೋ 2. ಅಮೆರಿಕದ ಬ್ಲಿಜಾರ್ಡ್ ಕಂಪನಿ ಇದನ್ನು 2000ದಲ್ಲಿ ಹೊರತಂದಿತು. 2021ರಲ್ಲಿ ಚಿತ್ರಗಳನ್ನೆಲ್ಲ ಹೊಸದಾಗಿ ತಿದ್ದಿ ಮತ್ತೆ ಬಿಡುಗಡೆ ಮಾಡಿತು. ಕಥೆ ನಮ್ಮ ಹಳೆಯ ಕಂಪನಿ ನಾಟಕಗಳಂತೆ ಅಂಕ ಅಂಕವಾಗಿ ಸಾಗುತ್ತದೆ. ಮೊದಲು ನಾಲ್ಕು ಅಂಕಗಳಿದ್ದವು, 2001ರಲ್ಲಿ ಐದನೆಯದು ಸೇರಿತು. ನಾಲ್ಕನೆಯ ಅಂಕದಲ್ಲಿ 3 ಕೆಲಸ, ಉಳಿದವುಗಳಲ್ಲಿ ತಲಾ 6, ಒಟ್ಟು 27. ಪ್ರತಿ ಅಂಕದ ಕೊನೆಗೆ ಒಬ್ಬ ದೊಡ್ಡ ರಾಕ್ಷಸನೋ ರಾಕ್ಷಸಿಯೋ ಕಾದಿರುತ್ತಾರೆ. ಅವರನ್ನು ಗೆದ್ದರೆ ಮುಂದಿನ ಊರಿಗೆ ದಾರಿ. ಮೊದಲ ಸಲ ಆಡುವವರಿಗೆ ಕಥೆ ಮುಗಿಸಲು ಸುಮಾರು 25ರಿಂದ 30 ಗಂಟೆ ಹಿಡಿಯುತ್ತದಂತೆ. ದಾರಿ ಬಲ್ಲವರು ಅದರ ಅರ್ಧದಷ್ಟು ಹೊತ್ತೂ ತೆಗೆದುಕೊಳ್ಳುವುದಿಲ್ಲ.

ಬೇಗ ಮುಗಿಸುವವರ ಗುಟ್ಟು ಸರಳ. 27 ಕೆಲಸಗಳೂ ಕಡ್ಡಾಯವಲ್ಲ. ಐದನೆಯ ಅಂಕದ ಆರರಲ್ಲಿ ಎರಡನ್ನು ಮಾಡಿದರೆ ಸಾಕು, ಕೊನೆಯ ರಾಕ್ಷಸ ಬಾಲ್ ಸತ್ತು ಆಟ ಮುಗಿಯುತ್ತದೆ. ಬಿಟ್ಟ ನಾಲ್ಕು ಯಾವುವು? ಒಂದರಲ್ಲಿ ಮಂಜಿನ ಬೆಟ್ಟದ ಮೇಲೆ ಸೆರೆಸಿಕ್ಕ 15 ಸೈನಿಕರಿದ್ದಾರೆ. ಇನ್ನೊಂದರಲ್ಲಿ ಆನ್ಯಾ ಎಂಬ ಹುಡುಗಿಯನ್ನು ಹಿಮಗಡ್ಡೆಯೊಳಗೆ ಹೆಪ್ಪುಗಟ್ಟಿಸಿ ಇಟ್ಟಿದ್ದಾರೆ. ಒಂದು ಭಾನುವಾರ ಮಗ ಆ ಬೆಟ್ಟದ ಮೇಲೆ ಓಡುತ್ತಿದ್ದಾಗ ಬೇಲಿಯೊಳಗೆ ನಿಂತವರು ನನ್ನ ಕಣ್ಣಿಗೆ ಬಿದ್ದರು.

“ಯಾರೋ ಅವರು?”

“ಸೈನಿಕರಮ್ಮ. ಬಿಡಿಸಿದರೆ ಮೂರು ಮಂತ್ರದ ಕಲ್ಲು ಕೊಡ್ತಾರೆ.”

“ಮತ್ತೆ ಬಿಡಿಸು.”

“ನನಗೆ ಆ ಕಲ್ಲು ಬೇಕಾಗಿಲ್ಲ. ಬಿಡಿಸದಿದ್ದರೂ ಆಟ ಮುಗಿಯುತ್ತೆ.”

ಅವನ ಮಾತಿನಲ್ಲಿ ತಪ್ಪಿಲ್ಲ. ಅವು ಬೊಂಬೆಗಳು, ಅವಕ್ಕೆ ಚಳಿಯೂ ಇಲ್ಲ ನೋವೂ ಇಲ್ಲ. ಆಟ ಮುಗಿಸಲು ಎಷ್ಟು ಹೊತ್ತು ಎಂಬುದೇ ಪಂದ್ಯವಾದಾಗ ಅಡ್ಡದಾರಿಯ ಕೆಲಸ ಬಿಡುವುದು ಜಾಣತನವೇ. ಆದರೆ ಆ ಮಾತನ್ನು ನಾನು ಬೇರೆಲ್ಲೋ ಕೇಳಿದ್ದೆ.

ಹಿಂದೆ ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಡಿಸೆಂಬರ್ ಕೊನೆಗೆ ಪೋರ್ಷನ್ ಮುಗಿದಿದೆ ಎಂದು ಪುಸ್ತಕದಲ್ಲಿ ಬರೆದು ಸಹಿ ಹಾಕಿಸಬೇಕಿತ್ತು. ಎಂಟನೆಯ ತರಗತಿಯಲ್ಲಿ ಒತ್ತಕ್ಷರ ಬಂದಲ್ಲೆಲ್ಲ ತಡವರಿಸಿ ನಿಲ್ಲುವ ಐದಾರು ಮಕ್ಕಳಿದ್ದರು. ಪುಸ್ತಕದಲ್ಲಿ ಅವರಿಗೆ ಕಾಲಂ ಇರಲಿಲ್ಲ. ಶಾಲೆ ಬಿಟ್ಟ ಮೇಲೆ ಅವರನ್ನು ಅರ್ಧ ಗಂಟೆ ಕೂರಿಸಿಕೊಂಡರೆ, “ಇದಕ್ಕೆ ಬೇರೆ ಸಂಬಳ ಕೊಡ್ತಾರಾ ಮೇಡಂ?” ಎಂದು ಕೇಳಿದ ಸಹೋದ್ಯೋಗಿಗಳಿದ್ದರು. ಕಲ್ಲು ಬೇಕಿಲ್ಲದಿದ್ದರೆ ಸೈನಿಕರೂ ಬೇಡ ಎನ್ನುವ ಲೆಕ್ಕವೇ ಇದು. ಅಲ್ಲಿ ಬೇಲಿಯೊಳಗೆ ಇದ್ದದ್ದು ಬೊಂಬೆಗಳು, ಇಲ್ಲಿ ಮಕ್ಕಳು, ಅಷ್ಟೇ ವ್ಯತ್ಯಾಸ.

ಆಟದ ಮೊದಲ ಅಂಕದಲ್ಲಿ ಇನ್ನೊಂದು ಸಂಗತಿಯಿದೆ. ಕೇನ್ ಎಂಬ ವಿದ್ವಾಂಸ ಮುದುಕನನ್ನು ಸುಟ್ಟ ಊರೊಂದರಲ್ಲಿ ಪಂಜರದಲ್ಲಿ ತೂಗುಹಾಕಿರುತ್ತಾರೆ. ನಾಯಕ ಬಿಡಿಸಿದರೆ ಆಟದುದ್ದಕ್ಕೂ ಸಿಕ್ಕ ವಸ್ತುಗಳ ಗುಣವನ್ನು ಅವನು ಪುಕ್ಕಟೆ ಹೇಳುತ್ತಾನೆ. ಬಿಡಿಸದೆ ಮುಂದೆ ಹೋದರೆ? ಅಲ್ಲಿ ಬೀಡುಬಿಟ್ಟ ಯೋಧ ಹೆಂಗಸರೇ ಹೋಗಿ ಅವನನ್ನು ಬಿಡಿಸಿ ತರುತ್ತಾರೆ. ಆಮೇಲೆ ಕೇನ್ ಒಂದೊಂದು ವಸ್ತುವಿಗೂ ದುಡ್ಡು ಕೇಳುತ್ತಾನೆ!

ಇದನ್ನು ಕೇಳಿ ನನಗೆ ನಗು ಬಂತು, ಯೋಚನೆಯೂ ಬಂತು. ನಾಯಕ ಬಿಟ್ಟುಹೋದ ಕೆಲಸ ಗಾಳಿಯಲ್ಲಿ ಕರಗಲಿಲ್ಲ, ಯಾರೋ ಹೆಂಗಸರ ತಲೆಗೆ ಬಂತು. ನಮ್ಮ ಮನೆಗಳಲ್ಲೂ ಕಥೆಯ ಮುಖ್ಯ ದಾರಿ ಹೆಚ್ಚಾಗಿ ಗಂಡಸರದು, ಅಡ್ಡದಾರಿಗಳೆಲ್ಲ ನಮ್ಮವು. ಅತ್ತೆಯ ಮಾತ್ರೆ, ಮೈದುನನ ಮಗಳ ಸೀಮಂತ, ನೆಂಟರ ಮನೆಯ ಸಾವಿಗೆ ಹೋಗಿಬರುವುದು. ಅವರು ‘ಮುಗಿಸಿದೆ’ ಎಂದು ಕಾಲು ಚಾಚಿ ಕೂರುವುದಕ್ಕೆ ಇವೆಲ್ಲ ನಡೆದಿರಬೇಕು.

ಹಾಗಾದರೆ 27ಕ್ಕೆ 27ನ್ನೂ ಮಾಡುವುದೇ ಧರ್ಮವೇ? ಅದನ್ನೂ ನಾನು ಒಪ್ಪಲಾರೆ. ಎಲ್ಲವನ್ನೂ ಮಾಡಿಯೇ ತೀರಬೇಕೆಂದು ಹಟ ಹಿಡಿದ ಹೆಂಗಸರನ್ನು ನೋಡಿದ್ದೇನೆ. ಹಪ್ಪಳವೂ ಮನೆಯಲ್ಲೇ ಆಗಬೇಕು, ಕಪಾಟಿನ ಸೀರೆಗಳೂ ಬಣ್ಣದ ಪ್ರಕಾರ ಮಡಿಸಿರಬೇಕು. ಪಕ್ಕದ ಕೋಣೆಯಲ್ಲಿ ಮಗಳು ಮುಖ ಮುಚ್ಚಿ ಅಳುತ್ತಿದ್ದರೂ ಅವರಿಗೆ ಪುರಸೊತ್ತಿಲ್ಲ. ಸೇಕಡಾ ನೂರು ಮುಗಿಸಿದವರೆಲ್ಲ ಒಳ್ಳೆಯವರು, ಬಿಟ್ಟವರೆಲ್ಲ ಕೆಟ್ಟವರು ಎಂದು ಗೆರೆ ಎಳೆಯುವ ಹಾಗಿಲ್ಲ.

ನನಗೆ ತೋರುವುದು ಇಷ್ಟು. ಬಿಟ್ಟ ಕೆಲಸಗಳಲ್ಲಿ ಎರಡು ಬಗೆಯಿವೆ. ಕೆಲವನ್ನು ಬಿಟ್ಟರೆ ನಮಗೊಂದು ವಸ್ತು, ಒಂದು ಹೆಸರು, ಒಂದು ಹೊಗಳಿಕೆ ತಪ್ಪುತ್ತದೆ. ಅವನ್ನು ಧಾರಾಳವಾಗಿ ಬಿಡಬಹುದು, ಬಿಡಲು ಕಲಿಯಲೂಬೇಕು. ಇನ್ನು ಕೆಲವುಗಳ ಒಳಗೆ ಯಾರೋ ಒಬ್ಬರು ಕಾಯುತ್ತ ನಿಂತಿರುತ್ತಾರೆ. ಅವನ್ನು ಬಿಟ್ಟರೆ ನಮ್ಮ ಗಂಟೆಗಳು ಉಳಿಯುತ್ತವೆ, ಅವರು ಅಲ್ಲೇ ಉಳಿಯುತ್ತಾರೆ. ಎರಡಕ್ಕೂ ‘ಅಡ್ಡದಾರಿ’ ಎಂಬ ಒಂದೇ ಹೆಸರಿಡುವುದರಿಂದಲೇ ಗೊಂದಲ. ಆಟದಲ್ಲಿ ಮುಖ್ಯ ಯಾವುದು, ಅಡ್ಡ ಯಾವುದು ಎಂದು ಕಂಪನಿಯವರು ಮೊದಲೇ ಗೊತ್ತುಮಾಡಿರುತ್ತಾರೆ. ಬದುಕಿನಲ್ಲಿ ಅದನ್ನು ಗೊತ್ತುಮಾಡಬೇಕಾದವರು ನಾವು. ಆ ಜವಾಬ್ದಾರಿಯನ್ನು ಸಹಿ ಹಾಕುವ ಪುಸ್ತಕಕ್ಕೆ ಒಪ್ಪಿಸಿ ಕೈತೊಳೆದುಕೊಳ್ಳುವುದು ಸುಲಭ.

ಅಷ್ಟಕ್ಕೂ ಈ ಆಟ ಐದು ಅಂಕಕ್ಕೆ ಮುಗಿಯುವುದೂ ಇಲ್ಲ. ಬಾಲ್ ಸತ್ತ ಮೇಲೆ ಅದೇ ಕಥೆ ‘ನೈಟ್‌ಮೇರ್’ ಎಂಬ ಎರಡನೆಯ ಸುತ್ತಿನಲ್ಲಿ, ಆಮೇಲೆ ‘ಹೆಲ್’ ಎಂಬ ಮೂರನೆಯ ಸುತ್ತಿನಲ್ಲಿ ಮತ್ತೆ ಮೊದಲಿನಿಂದ ಶುರು. ನಾಯಕನ ಮೈಯ ರಕ್ಷಣೆ ಎರಡನೆಯ ಸುತ್ತಿನಲ್ಲಿ 40 ಅಂಶ, ಮೂರನೆಯದರಲ್ಲಿ 100 ಅಂಶ ಕಡಿಮೆ. ಹಿಂದಿನ ಸುತ್ತಿನಲ್ಲಿ ಬಿಡಿಸಿದ್ದ ಸೈನಿಕರು ಮತ್ತೆ ಬೇಲಿಯೊಳಗೆ, ಆನ್ಯಾ ಮತ್ತೆ ಹಿಮದೊಳಗೆ. ಬೇಸರದ ಸಂಗತಿ ಎಂದು ಮಗನ ಅಭಿಪ್ರಾಯ. ಟೀಚರಾದ ನನಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ಜೂನ್ ಬಂತೆಂದರೆ ಒತ್ತಕ್ಷರ ಬಾರದ ಹೊಸ ಐದಾರು ಮಕ್ಕಳು ಹಿಂದಿನ ಬೆಂಚಿಗೆ ಬಂದು ಕೂತಿರುತ್ತಾರೆ, ನನ್ನ ಮೊಣಕಾಲಿಗೆ ಒಂದು ವರ್ಷ ಹೆಚ್ಚಾಗಿರುತ್ತದೆ. ಹೋದ ವರ್ಷದ ಮಕ್ಕಳು ಓದಲು ಕಲಿತದ್ದು ಇದರಿಂದ ಸುಳ್ಳಾಗುವುದಿಲ್ಲ.

ಪೋರ್ಷನ್ನೂ ಮುಗಿಯಲಿ, ಅಡಿಗೆಯೂ ಮುಗಿಯಲಿ, ಹೊತ್ತಿಗೆ ಸರಿಯಾಗಿಯೇ ಮುಗಿಯಲಿ. ಸಹಿ ಹಾಕುವ ಮುಂಚೆ ಒಮ್ಮೆ ಹಿಂದಿನ ಬೆಂಚಿನ ಕಡೆ, ಪಕ್ಕದ ಕೋಣೆಯ ಕಡೆ ಕಣ್ಣು ಹಾಯಿಸಲು ಎರಡು ನಿಮಿಷ ಸಾಕು.