ಬೀಗದ ಕೈ

(ಓದತಕ್ಕ ವೇದಭಾಗ: ವಿಮೋಚನಕಾಂಡ 18ನೆಯ ಅಧ್ಯಾಯ, 13ನೆಯ ವಚನದಿಂದ ಕಡೆಯ ವರೆಗೆ)



ಕೆಲವು ವರುಷಗಳ ಕೆಳಗೆ ನಾವು ಒಂದು ಗ್ರಾಮಸಭೆಯ ದರ್ಶನಕ್ಕೆ ಹೋದಾಗ ಅಲ್ಲಿಯ ಒಬ್ಬ ನೇಕಾರ ಸಹೋದರನ ಮನೆಯಲ್ಲಿ ಇಳುಕೊಂಡಿದ್ದೆವು. ಆತನಿಗೆ ಐದು ಕೈಮಗ್ಗಗಳು. ಒಂದರಲ್ಲಿ ತಾನೇ ಕೂತು ನೇಯುವನು. ಉಳಿದ ನಾಲ್ಕರಲ್ಲಿ ಸಭೆಯವರೇ ಆದ ನಾಲ್ವರು. ಕಂಡಿಕೆ ಸುತ್ತುವದಕ್ಕೆ ಇಬ್ಬರು ಹೆಂಗಸರು. ಹೀಗೆ ಏಳು ಮನೆಗಳ ಒಲೆಗಳು ಆ ಮಗ್ಗಗಳಿಂದ ಉರಿಯುತ್ತಿದ್ದವು. ಬೆಳಗಾಗುವದಕ್ಕೆ ಮುಂಚೆಯೇ ಲಾಳಿಯ ಸಪ್ಪಳವು ಕೇಳಬರುತ್ತಿದ್ದದರಿಂದ ಆ ಓಣಿಯವರಿಗೆ ಕೋಳಿಯ ಕೂಗು ಬೇಕಾಗಿರಲಿಲ್ಲ.

ಮರುವರುಷ ನಾವು ಹೋದಾಗ ಓಣಿಯು ನಿಶ್ಶಬ್ದವಾಗಿತ್ತು. ಯಜಮಾನನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿ, ನಾಲಿಗೆ ತೊದಲಿ, ಆತನು ನಲವತ್ತು ದಿವಸಗಳಿಂದ ಹಾಸಿಗೆಯಲ್ಲಿದ್ದನು. ಮದುವೆಗಳ ಕಾಲ, ಸೀರೆಗಳಿಗೆ ಗಿರಾಕಿ ಬಹಳ. ನೇಯುವವರ ಕೈಗಳಿಗೆ ಯಾವ ರೋಗವೂ ಇರಲಿಲ್ಲ. ಆದರೂ ಐದು ಮಗ್ಗಗಳೂ ನಿಂತಿದ್ದವು. ಯಾಕೆಂದು ಅವರಲ್ಲಿ ಹಿರಿಯನನ್ನು, ಹನ್ನೊಂದು ವರುಷ ಅಲ್ಲಿಯೇ ದುಡಿದವನನ್ನು, ಕೇಳಿದೆವು.

"ನೂಲು ತೀರಿಹೋಯಿತು, ಅಯ್ಯನವರೇ."

"ಯಾವ ಅಂಗಡಿಯಿಂದ ತರುತ್ತಿದ್ದಿರಿ?"

"ಅದು ಧಣಿಯರಿಗೆ ಗೊತ್ತು."

"ಒಂದು ಕಟ್ಟಿಗೆ ಏನು ಧಾರಣೆ?"

"ಅದೂ ಧಣಿಯರಿಗೇ ಗೊತ್ತು."

"ಸೀರೆ ಕೊಂಡವರಿಂದ ಬರತಕ್ಕ ಉದ್ದರಿ ಎಷ್ಟು?"

ಆ ಮನುಷ್ಯನು ತಲೆ ತಗ್ಗಿಸಿದನು. ಒಳಗೆ ಮಲಗಿದ್ದ ಯಜಮಾನನ ಉಡುದಾರದಲ್ಲಿ ಪೆಟ್ಟಿಗೆಯ ಬೀಗದ ಕೈ ಇನ್ನೂ ಕಟ್ಟಿತ್ತು. ಆತನು ಅದನ್ನು ಎಡಗೈಯಿಂದ ಮುಚ್ಚಿಕೊಂಡಿದ್ದನು.

ಪ್ರಿಯರೇ, ಆತನು ದುಷ್ಟನೂ ಅಲ್ಲ, ಜಿಪುಣನೂ ಅಲ್ಲ. ಶನಿವಾರದ ಕೂಲಿಯನ್ನು ಭಾನುವಾರಕ್ಕೆ ಉಳಿಸಿದವನಲ್ಲ. ಕೆಲಸದವರ ಮಕ್ಕಳಿಗೆ ಜ್ವರ ಬಂದರೆ ತಾನೇ ಎತ್ತಿಕೊಂಡು ಆಸ್ಪತ್ರೆಗೆ ಹೋಗುವನು. ತಂದೆಯಂತೆ ಅವರನ್ನು ಪ್ರೀತಿಸಿದನು. ಆದರೆ ತಂದೆಯಾದವನು ಮಕ್ಕಳನ್ನು ಯಾವಾಗಲೂ ಮಕ್ಕಳನ್ನಾಗಿಯೇ ಇಟ್ಟುಕೊಂಡರೆ ಅದನ್ನು ಏನೆಂದು ಕರೆಯಬೇಕು? ಈ ಪ್ರಶ್ನೆಯು ನಮ್ಮನ್ನು ಆ ರಾತ್ರಿ ನಿದ್ರೆಮಾಡಗೊಡಲಿಲ್ಲ. ಆಗ ಮೋಶೆಯ ಮಾವನಾದ ಇತ್ರೋನು ನೆನಪಿಗೆ ಬಂದನು.

ಮೋಶೆಯು ಜನರ ವ್ಯಾಜ್ಯಗಳನ್ನು ತೀರಿಸುವದಕ್ಕೆ ಬೆಳಗಿನಿಂದ ಸಾಯಂಕಾಲದ ವರೆಗೆ ಕೂತಿದ್ದನೆಂದೂ ಜನರು ಆತನ ಸುತ್ತಲೂ ನಿಂತಿದ್ದರೆಂದೂ ವೇದವು ಹೇಳುತ್ತದೆ. ಆತನು ಕೂತಿದ್ದನು, ಅವರು ನಿಂತಿದ್ದರು. ಇಡೀ ದಿವಸದ ಕೆಲಸ ಕೆಟ್ಟು, ಬಿಸಿಲಿನಲ್ಲಿ, ಒಬ್ಬನ ಬಾಯಿಂದ ಬರುವ ಮಾತಿಗಾಗಿ ಕಾದು ನಿಂತಿದ್ದರು. ಇತ್ರೋನು ಇದನ್ನು ನೋಡಿ, ನೀನು ಮಾಡುವ ಕಾರ್ಯವು ಒಳ್ಳೇದಲ್ಲವೆಂದು ಅಳಿಯನಿಗೆ ನೆಟ್ಟಗೆ ಹೇಳಿದನು. ಹೀಗೆ ನಡೆದರೆ ಮೋಶೆಯು ಬಳಲಿಹೋಗುವನೆಂದು ಮಾತ್ರ ಆತನು ಹೇಳಲಿಲ್ಲ, ಜನರೂ ಬಳಲಿಹೋಗುವರೆಂದು ಹೇಳಿದನು. ಈ ಎರಡನೆಯ ಮಾತನ್ನು ನಾವು ಅನೇಕಸಾರಿ ಓದಿಯೂ ದಾಟಿಹೋಗಿದ್ದೇವೆ. ಎಲ್ಲವನ್ನು ಒಬ್ಬನೇ ಹೊತ್ತುಕೊಂಡರೆ ಹೊತ್ತವನಿಗೆ ನೋವು ಎಂಬದು ಯಾರಿಗಾದರೂ ತಿಳಿಯುವದು. ಹೊರದೆ ನಿಂತವರೂ ಕ್ಷೀಣಿಸುತ್ತಾರೆಂಬದು ಆ ಮುದುಕನ ಕಣ್ಣಿಗೆ ಬಿತ್ತು. ಹನ್ನೊಂದು ವರುಷ ದುಡಿದೂ ನೂಲಿನ ಧಾರಣೆಯನ್ನು ತಿಳಿಯದವನು ಕ್ಷೀಣಿಸಿದವನೇ.

ಆತನು ಕೊಟ್ಟ ಆಲೋಚನೆಯ ಕ್ರಮವನ್ನು ನೋಡಿರಿ. ಮೊದಲು ಜನರಿಗೆ ನಡೆಯತಕ್ಕ ದಾರಿಯನ್ನೂ ಮಾಡತಕ್ಕ ಕೆಲಸವನ್ನೂ ಕಲಿಸು, ಆ ಮೇಲೆ ಅಧಿಪತಿಗಳನ್ನು ಆರಿಸು ಎಂದನು. ಕಲಿಸದೆ ಭಾರವನ್ನು ಹೊರಿಸುವದು ಹೊಳೆಯಲ್ಲಿ ಈಜು ತಿಳಿಯದವನನ್ನು ದಬ್ಬಿದಂತೆ. ಆರಿಸತಕ್ಕವರು ಎಂಥವರು? ಸಾಮರ್ಥ್ಯವುಳ್ಳವರು, ದೇವರಿಗೆ ಭಯಪಡುವವರು, ಸತ್ಯವಂತರು, ಅನ್ಯಾಯದ ಲಾಭವನ್ನು ಹೇಸುವವರು. ಅಣ್ಣನ ಮಗನನ್ನೂ ಹೆಂಡತಿಯ ತಮ್ಮನನ್ನೂ ಹುಡುಕೆಂದು ಆತನು ಹೇಳಲಿಲ್ಲ. ನಮ್ಮ ಅಂಗಡಿಗಳಲ್ಲಿ ಮೊದಲು ಹುಡುಕುವದು ಅವರನ್ನೇ. ಸಾವಿರ ಮಂದಿಯ ಮೇಲೆ ಒಬ್ಬನಿರುವಂತೆ ಹತ್ತು ಮಂದಿಯ ಮೇಲೆಯೂ ಒಬ್ಬನಿರಬೇಕೆಂದು ಹೇಳಿದ್ದು ನಮ್ಮಂಥ ಚಿಕ್ಕವರಿಗೆ ದೊಡ್ಡ ಆದರಣೆ. ಐದು ಮಗ್ಗ, ಎರಡು ಹೊಲಿಗೆಯ ಯಂತ್ರ, ಒಂದು ಬಡಗಿಯ ಕೊಟ್ಟಿಗೆ, ಇವು ದೇವರ ಎಣಿಕೆಗೆ ಸಿಕ್ಕದಷ್ಟು ಸಣ್ಣವಲ್ಲ. ಇಷ್ಟು ಹೇಳಿ ಇತ್ರೋನು ತನ್ನ ದೇಶಕ್ಕೆ ಹೊರಟುಹೋದನು. ಬುದ್ಧಿ ಹೇಳಿ ಅಳಿಯನ ಮನೆಯಲ್ಲಿ ಕೂತುಬಿಡದ ಇಂಥ ಮಾವಂದಿರು ಅಪರೂಪ.

ಮೋಶೆಯು ಆ ಮಾತನ್ನು ಕೇಳಿದನು. ಆದರೆ ಅಧಿಕಾರವನ್ನು ಹಂಚಿಕೊಟ್ಟವನಿಗೆ ಶೋಧನೆಯು ಅಲ್ಲಿಗೆ ಮುಗಿಯುವದಿಲ್ಲ. ಅರಣ್ಯಕಾಂಡದ 11ನೆಯ ಅಧ್ಯಾಯದಲ್ಲಿ ಎಪ್ಪತ್ತು ಮಂದಿ ಹಿರಿಯರ ಮೇಲೆ ದೇವರ ಆತ್ಮವು ಬಂದಾಗ ಎಲ್ದಾದ, ಮೇದಾದ ಎಂಬಿಬ್ಬರು ಗುಡಾರದ ಬಳಿಗೆ ಬಾರದೆ ಪಾಳೆಯದಲ್ಲಿಯೇ ಪ್ರವಾದಿಸಿದರು. ಯೆಹೋಶುವನು ಅವರನ್ನು ತಡೆಯಬೇಕೆಂದು ಬೇಡಿಕೊಂಡನು. ತನ್ನ ಕಣ್ಣೆದುರಿಗೆ ಇಲ್ಲದವರು, ತನ್ನ ಅಪ್ಪಣೆಗೆ ಕಾಯದವರು, ತಾನು ಮಾಡುವ ಕೆಲಸವನ್ನೇ ಮಾಡುತ್ತಿದ್ದಾರೆಂಬ ಸುದ್ದಿಯು ಬಂದಾಗ ಯಜಮಾನನ ಹೃದಯವು ಬೈಲಿಗೆ ಬರುತ್ತದೆ. ಮೋಶೆಯು ಸಿಟ್ಟುಗೊಳ್ಳಲಿಲ್ಲ. ನನ್ನ ನಿಮಿತ್ತವಾಗಿ ನೀನು ಹೊಟ್ಟೆಕಿಚ್ಚು ಪಡುತ್ತೀಯೋ ಎಂದು ಶಿಷ್ಯನನ್ನೇ ಕೇಳಿದನು. ಸರ್ವಜನರೂ ಹಾಗೆ ಆದರೆ ಎಷ್ಟೋ ಮೇಲೆಂದನು. ನಮ್ಮಲ್ಲಿ ಯಾರ ಕೆಲಸದವನಾದರೂ ನಮಗಿಂತ ಚೆನ್ನಾಗಿ ವ್ಯಾಪಾರ ಮಾಡಿದನೆಂದು ಸಂತೆಯಲ್ಲಿ ಕೇಳಿಬಂದರೆ, ಆ ರಾತ್ರಿಯ ಊಟವು ನಮಗೆ ರುಚಿಸೀತೋ?

ನಮ್ಮ ಸಭೆಗಳ ಚರಿತ್ರೆಯಲ್ಲಿಯೂ ಇದನ್ನು ಕುರಿತು ಕಲಿಯತಕ್ಕದ್ದು ಉಂಟು. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ, ದೀಕ್ಷಾಸ್ನಾನ ಹೊಂದಿದವರು ಜಾತಿಯನ್ನೂ ಹೊಟ್ಟೆಯ ಪಾಡನ್ನೂ ಒಟ್ಟಿಗೇ ಕಳಕೊಂಡದ್ದನ್ನು ಕಂಡು, ಅವರಿಗೆ ಕಸುಬುಗಳನ್ನು ಕಲಿಸಿದರು. 1841ರಲ್ಲಿ ಅಚ್ಚುಕೂಟ, ಆ ಮೇಲೆ ನೇಯ್ಗೆ, 1865ರಲ್ಲಿ ಜೆಪ್ಪುವಿನ ಹಂಚಿನ ಕಾರ್ಖಾನೆ. ಆ ಕಾರ್ಖಾನೆಗಳಿಂದ ನಮ್ಮ ಹಿರಿಯರ ಸಾವಿರಾರು ಕುಟುಂಬಗಳು ಬದುಕಿದವು. ಆ ಉಪಕಾರವನ್ನು ಮರೆಯುವವರು ಕೃತಘ್ನರು. ಆದರೆ 1914ರಲ್ಲಿ ಮಹಾಯುದ್ಧವು ಹುಟ್ಟಿ ಜರ್ಮನ್ ಮಿಶನೆರಿಗಳು ಸೆರೆಯಾದಾಗ ಏನಾಯಿತು? ಸಭೆಗಳ ಭಾರವು ಬಹುಮಟ್ಟಿಗೆ ದೇಶೀಯ ಬೋಧಕರ ಮತ್ತು ಹಿರಿಯರ ಮೇಲೆ ಬಿತ್ತು, ಅವರು ಅದನ್ನು ಹೊತ್ತರು. ಯಾಕಂದರೆ ಬಲ್ಮಠದ ದೈವಜ್ಞಾನಶಾಲೆಯಲ್ಲಿ ಅವರನ್ನು ಬಹುಕಾಲದಿಂದ ಅದಕ್ಕೋಸ್ಕರ ಸಿದ್ಧಮಾಡುತ್ತಿದ್ದರು. ಕಾರ್ಖಾನೆಗಳಾದರೋ ಯುದ್ಧದ ತರುವಾಯ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಇಂಗ್ಲಿಷ್ ಮಂಡಲಿಯ ವಶವಾದವು. ಐವತ್ತು ವರುಷ ಮಣ್ಣು ತುಳಿದು ಹಂಚು ಸುಟ್ಟವರಲ್ಲಿ ಮೇಸ್ತ್ರಿಗಳಿದ್ದರು, ಗುಮಾಸ್ತರಿದ್ದರು. ಒಡೆತನವು ಮಾತ್ರ ಪರದೇಶದವರಿಂದ ಪರದೇಶದವರಿಗೆ ಹೋಯಿತು. ಆ ಕಾಲದ ಸರಕಾರದ ನಿರ್ಬಂಧಗಳನ್ನು ನಾವು ಬಲ್ಲೆವು, ಆದಕಾರಣ ಯಾರನ್ನೂ ದೂಷಿಸುವದಿಲ್ಲ. ಆದರೂ ಬೋಧಕರನ್ನು ಸಿದ್ಧಮಾಡಿದಂತೆ ಯಜಮಾನರನ್ನೂ ಸಿದ್ಧಮಾಡಿದ್ದರೆ ಎಂಬ ಆಲೋಚನೆಯು ಬಾರದೆ ಇರದು.

ಸಹಾಯ ಮಾಡುವವನ ಮನಸ್ಸು ಹೇಗೆ ಬದಲಾಗಬೇಕೆಂಬದಕ್ಕೆ ಇನ್ನೊಬ್ಬ ಜರ್ಮನಿಯವನ ಮಾತನ್ನು ಹೇಳುವೆವು. ಫ್ರೀಡ್ರಿಕ್ ವಿಲ್ಹೆಲ್ಮ್ ರೈಫೈಸನ್ ಎಂಬಾತನು ಬಡ ಹಳ್ಳಿಗಳ ಅಧಿಕಾರಿ, ನಮ್ಮ ಹಾಗೆ ಪ್ರೊಟೆಸ್ಟೆಂಟ್ ವಿಶ್ವಾಸಿ. 1846-47ರ ಚಳಿಗಾಲದ ಬರದಲ್ಲಿ ಉಳ್ಳವರಿಂದ ಹಣ ಕೂಡಿಸಿ, ಹಿಟ್ಟು ತರಿಸಿ, ರೊಟ್ಟಿ ಸುಡಿಸಿ ಬಡವರಿಗೆ ಒದಗಿಸಿದನು. ಒಳ್ಳೇ ಕೆಲಸವೇ. ಆದರೆ ವರುಷಗಳು ಕಳೆದ ಹಾಗೆ ಧನಿಕರ ಉತ್ಸಾಹವು ಕುಂದಿತು. ಪರರ ಔದಾರ್ಯದ ಮೇಲೆ ನಿಂತ ಸಂಘವು ಬಾಳುವದಿಲ್ಲವೆಂದು ಆತನಿಗೆ ತಿಳಿಯಿತು. ಆದದರಿಂದ 1864ರಲ್ಲಿ ಸಾಲ ಬೇಕಾದ ರೈತರೇ ಸದಸ್ಯರಾಗಿ, ಒಬ್ಬರಿಗೊಬ್ಬರು ಹೊಣೆಯಾಗಿ ನಡಿಸುವ ಸಂಘವನ್ನು ಕಟ್ಟಿದನು. ಅದೇ ಮಾದರಿಯನ್ನು ನೋಡಿ ನಮ್ಮ ದೇಶದಲ್ಲಿ 1904ರ ಸಹಕಾರ ಕಾನೂನು ಆಯಿತು. ಮರುವರುಷ, 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಹಳ್ಳಿಯವರನ್ನು ಕೂಡಿಸಿ ಸಹಕಾರಿ ಸಂಘವನ್ನು ಸ್ಥಾಪಿಸಿದರು. ಅವರು ನಮ್ಮ ಮತದವರಲ್ಲ. ಆದರೂ ಇತ್ರೋನು ಮಿದ್ಯಾನ್ಯರ ಆಚಾರ್ಯನಾಗಿದ್ದನೆಂಬದನ್ನು ನಾವು ಮರೆಯಬಾರದು. ಇನ್ನೊಂದು ಸಂಗತಿ. ರೈಫೈಸನನ ಕಣ್ಣುಗಳು ಬರಬರುತ್ತಾ ಬಹಳ ಮಂದವಾದವು. ಆತನ ಮಗಳು ಆತನಿಗಾಗಿ ಓದಿ ಬರೆದಳು. ಕಣ್ಣು ಕಾಣದವನಿಗೆ ಇತರರ ಮೇಲೆ ಭರವಸವಿಡುವದನ್ನು ದೇವರು ಬೇಗ ಕಲಿಸುತ್ತಾನೋ ಏನೋ.

ಈಗ ಕೂಲಿ ಮಾಡುವ ಸಹೋದರರಿಗೂ ಒಂದು ಮಾತು, ಸಿಟ್ಟಾಗಬೇಡಿರಿ. "ಅದು ಧಣಿಯರಿಗೆ ಗೊತ್ತು" ಎಂಬ ಉತ್ತರದಲ್ಲಿ ದೈನ್ಯವೂ ಉಂಟು, ಸುಖವೂ ಉಂಟು. ಲೆಕ್ಕ ತಿಳಿಯದವನಿಗೆ ನಷ್ಟದ ಚಿಂತೆ ಇಲ್ಲ. ಕರ್ತನು ಹೇಳಿದ ಸಾಮ್ಯದಲ್ಲಿ ಒಂದೇ ತಲಾಂತನ್ನು ಹೊಂದಿದವನು ಅದನ್ನು ಕದಿಯಲಿಲ್ಲ, ಕುಡಿದು ಹಾಳುಮಾಡಲಿಲ್ಲ. ಭಯದಿಂದ ಹೂಣಿಟ್ಟು ಹಾಗೆಯೇ ತಂದೊಪ್ಪಿಸಿದನು. ಅವನಿಗೆ ಬಂದ ತೀರ್ಪನ್ನು ನೀವು ಬಲ್ಲಿರಿ. ಯಜಮಾನನು ಬೀಗದ ಕೈಯನ್ನು ಚಾಚಿದಾಗ, ನನಗ್ಯಾಕೆ ಈ ತಂಟೆ ಎಂದು ಹಿಂದೆಗೆಯುವ ಕೈಯೂ ತಲಾಂತನ್ನು ಹೂಣುವ ಕೈಯೇ.

ಕೂಡಿ ದುಡಿಯುವವರು ಕೂಡಿ ಬೆಳೆಯುವದು ಹೇಗೆಂದು ಕಾಣಬೇಕಾದರೆ ಅಪೊಸ್ತಲರ ಕೃತ್ಯಗಳ 18ನೆಯ ಅಧ್ಯಾಯದಲ್ಲಿರುವ ಒಂದು ಚಿಕ್ಕ ಅಂಗಡಿಗೆ ಹೋಗೋಣ. ಕ್ಲೌದ್ಯ ಚಕ್ರವರ್ತಿಯು ಯೆಹೂದ್ಯರನ್ನು ರೋಮಾಪುರದಿಂದ ಹೊರಡಿಸಿದ್ದರಿಂದ ಅಕ್ವಿಲನೂ ಅವನ ಹೆಂಡತಿಯಾದ ಪ್ರಿಸ್ಕಿಲ್ಲಳೂ ಕೊರಿಂಥಕ್ಕೆ ಬಂದು ಗುಡಾರದ ಕೆಲಸ ಮಾಡಿಕೊಂಡಿದ್ದರು. ಪೌಲನ ಕಸುಬೂ ಅದೇ. ಮೂವರೂ ಒಂದೇ ಮನೆಯಲ್ಲಿದ್ದು ಕೆಲಸ ಮಾಡಿದರು. ಪೌಲನು ಆ ಪಟ್ಟಣದಲ್ಲಿ ಒಂದು ವರುಷ ಆರು ತಿಂಗಳಿದ್ದನು. ಸೂಜಿ ಆಡುತ್ತಿರುವಾಗ ಬಾಯಿಯೂ ಆಡಿರಬೇಕು; ಆ ಗಂಡಹೆಂಡರು ವೇದಾರ್ಥವನ್ನು ಕಲಿತದ್ದು ಬಹುಶಃ ಹೀಗೆಯೇ. ಆ ಮೇಲೆ ಪೌಲನು ಅವರನ್ನು ಎಫೆಸಕ್ಕೆ ಕರಕೊಂಡು ಹೋಗಿ, ಅಲ್ಲಿ ಬಿಟ್ಟು, ತಾನು ಹಡಗು ಹತ್ತಿ ಹೋದನು. ಆತನು ಹೋದ ಮೇಲೆ ಅಪೊಲ್ಲೋಸನು ಬಂದನು. ಅವನು ಮಹಾ ವಾಗ್ಮಿ, ವೇದಪಂಡಿತ. ಆದರೆ ಯೋಹಾನನ ದೀಕ್ಷಾಸ್ನಾನವೊಂದನ್ನೇ ತಿಳಿದವನು. ಪೌಲನು ತಿರಿಗಿ ಬರಲಿ ಎಂದು ಅವರು ಕಾಯಲಿಲ್ಲ. ಸಭೆಯ ನಡುವೆ ಅವನನ್ನು ನಾಚಿಕೆಪಡಿಸಲೂ ಇಲ್ಲ. ಅವನನ್ನು ತಮ್ಮ ಬಳಿಗೆ ಸೇರಿಸಿಕೊಂಡು ದೇವರ ಮಾರ್ಗವನ್ನು ಇನ್ನೂ ಪೂರ್ಣವಾಗಿ ವಿವರಿಸಿದರು. ಗುಡಾರ ಹೊಲಿಯುವ ಒಬ್ಬ ಹೆಂಗಸೂ ಅವಳ ಗಂಡನೂ ಪಂಡಿತನಿಗೆ ಗುರುಗಳಾದರು. ವೇದದಲ್ಲಿ ಕೆಲವು ಕಡೆ ಪ್ರಿಸ್ಕಿಲ್ಲಳ ಹೆಸರೇ ಗಂಡನ ಹೆಸರಿಗಿಂತ ಮೊದಲು ಬಂದಿದೆ. ಪೌಲನು ರೋಮಾಪುರದವರಿಗೆ ಬರೆಯುವಾಗ ಅವರಿಬ್ಬರನ್ನು ತನ್ನ ಜೊತೆಗೆಲಸದವರೆಂದು ಕರೆದನು.

ಆ ನೇಕಾರನ ಸಂಗತಿಯನ್ನು ನಡುವೆ ಬಿಟ್ಟೆವು. ನಾಲ್ಕು ತಿಂಗಳ ಮೇಲೆ ಆತನು ಎದ್ದು ಕೂತನು. ಬಲಗೈ ಮಗ್ಗಕ್ಕೆ ಬರಲಿಲ್ಲ. ಆತನ ಹೆಂಡತಿಯೂ ಸಭೆಯ ಹಿರಿಯರೂ ಬಹಳ ಹೇಳಿದ ಮೇಲೆ ನೂಲು ತರುವ ಕೆಲಸವನ್ನು ಆ ಹಿರಿಯ ನೇಯುವವನಿಗೆ ಒಪ್ಪಿಸಿದನು. ಕಂಡಿಕೆ ಸುತ್ತುವವಳೊಬ್ಬಳು ಏಳನೆಯ ತರಗತಿಯ ವರೆಗೆ ಓದಿದವಳು. ಕೀರ್ದಿ ಪುಸ್ತಕವು ಅವಳ ಕೈಗೆ ಹೋಯಿತು. ಶನಿವಾರ ಸಾಯಂಕಾಲ ಕೂಲಿ ಕೊಡುವದಕ್ಕೆ ಮುಂಚೆ ಅವಳು ಆ ವಾರದ ಜಮೆಯನ್ನೂ ಖರ್ಚನ್ನೂ ಎಲ್ಲರೂ ಕೇಳುವಂತೆ ಓದಬೇಕೆಂದು ನೇಮಿಸಿದರು.

ಮೂರನೆಯ ತಿಂಗಳಲ್ಲಿ ಆಗಬಾರದ್ದು ಆಯಿತು. ಧಾರಣೆ ಕಡಿಮೆಯೆಂದು ಅವನು ಕೆಂಪು ನೂಲನ್ನು ಹೊಸ ಅಂಗಡಿಯಿಂದ ತಂದನು. ಮೊದಲನೆಯ ಒಗೆತಕ್ಕೆ ಬಣ್ಣ ಹರಿಯಿತು. ವ್ಯಾಪಾರಿಯು ಎಂಟು ಸೀರೆಗಳನ್ನು ತಿರಿಗಿ ಕಳುಹಿಸಿದನು. ಅವನು ಆ ಗಂಟನ್ನು ಹೊಸ್ತಿಲಲ್ಲಿ ಇಟ್ಟು ಹೊರಗೇ ನಿಂತನು. ಯಜಮಾನನ ಮುಖವು ಉರಿಯಿತು. ಬೀಗದ ಕೈಗೆಂದು ಎಡಗೈ ಚಾಚಿದನು. ಆಗ ಆತನ ಹೆಂಡತಿಯು ಒಳಗಿನಿಂದ, "ನೀವು ಮಗ್ಗ ಹಾಕಿದ ಮೊದಲನೇ ವರುಷ ನನ್ನ ಕೊರಳಿನ ಸರವನ್ನು ಒತ್ತೆಯಿಟ್ಟಿರಿ. ಆಗ ನಿಮ್ಮ ಕೈಯಿಂದ ಯಾರು ಬೀಗದ ಕೈ ಕಿತ್ತುಕೊಂಡರು?" ಎಂದು ಕೇಳಿದಳು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆ ಶನಿವಾರ ಎಂಟು ಸೀರೆಗಳ ನಷ್ಟವನ್ನು ಕೀರ್ದಿಯಲ್ಲಿ ಬರೆದು, ಎಲ್ಲರ ಮುಂದೆ ಓದಿ, ಯಾವ ಅಂಗಡಿಯ ಬಣ್ಣ ನಿಲ್ಲುತ್ತದೆಂದು ಕೂತು ಮಾತಾಡಿದರು. ಅವನೇ ಮರುವಾರವೂ ನೂಲು ತರುವದಕ್ಕೆ ಹೋದನು.

ನಾವು ಕಡೆಯ ಸಾರಿ ಅಲ್ಲಿಗೆ ಹೋದಾಗ ಮಗ್ಗಗಳು ಆರಾಗಿದ್ದವು. ಬೀಗದ ಕೈಯು ತೊಲೆಯ ಮೊಳೆಗೆ ತೂಗಾಡುತ್ತಿತ್ತು. ಯಜಮಾನನು ಎಡಗೈಯಿಂದ ಕಂಡಿಕೆ ಸುತ್ತುತ್ತಾ ಕೂತಿದ್ದನು. ಈ ವಾರ ನೂಲಿನ ಧಾರಣೆ ಏನೆಂದು ಸುಮ್ಮನೆ ಕೇಳಿದೆವು. ಆತನು ಮಗ್ಗದ ಕಡೆಗೆ ಗದ್ದ ತೋರಿಸಿ ನಕ್ಕು, "ಅದು ಅವನಿಗೆ ಗೊತ್ತು, ಅಯ್ಯನವರೇ" ಅಂದನು.